ನಮ್ಮ ಪಲ್ಸಾರ್ ಇರುವ ಜಾಗ ಸಿಕ್ಕಿತು, ಎಲ್ಲರಿಗೂ ನಮಸ್ಕಾರ

ನಿನ್ನೆ ವೈವಾ ಮುಗಿಯಿತು. ಮಲ್ಲೇಶ್ವರದ ಮನೆಗೆ ಬಂದು ಥೀಸಿಸ್ ಅಪ್ಪನ ಕೈಗಿಟ್ಟೆ. ಎಡಗೈಗೆ ಇನ್ನೂ ಪೂರ್ತಿ ಬಲ ಬಂದಿಲ್ಲ, ಆದರೂ ಎರಡೂ ಕೈ ಚಾಚಿ ತಗೊಂಡರು.

ನನ್ನ ಕೆಲಸ ಒಂದು ಮಂಕು ಮಿಲಿಸೆಕೆಂಡ್ ಪಲ್ಸಾರ್ ಮೇಲೆ, ಸೆಕೆಂಡಿಗೆ ನೂರಾರು ಸುತ್ತು ತಿರುಗುವ ನ್ಯೂಟ್ರಾನ್ ತಾರೆ, ಅಂದರೆ ಸತ್ತ ದೊಡ್ಡ ನಕ್ಷತ್ರದ ದಟ್ಟ ಉಳಿಕೆ. ಸುತ್ತಿಗೊಂದರಂತೆ ಅದರ ರೇಡಿಯೊ ಮಿಡಿತ ನಮಗೆ ಕೇಳಿಸುತ್ತದೆ. ಅದು ಇದೆ ಅಂತ ಬೇಗ ಗೊತ್ತಾಗಿತ್ತು, ಎಲ್ಲಿದೆ ಅನ್ನೋದೇ ಕಷ್ಟ. ಪುಣೆ ಹತ್ತಿರದ ಜಿ.ಎಂ.ಆರ್.ಟಿ. ರೇಡಿಯೊ ದೂರದರ್ಶಕದ ಒಂದೊಂದು ಡಿಶ್ 45 ಮೀಟರ್ ಅಗಲ. 300 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅದು ನೋಡುವ ಆಕಾಶದ ತುಣುಕಿನಲ್ಲಿ ಎರಡು ಹುಣ್ಣಿಮೆ ಚಂದ್ರ ಅಕ್ಕಪಕ್ಕ ಹಿಡಿಸುತ್ತವೆ. ಅಷ್ಟರೊಳಗೆ ಎಲ್ಲೋ ಒಂದು ಕಡೆ ನಮ್ಮ ಪಲ್ಸಾರ್.

ಭೂಮಿ ಸೂರ್ಯನನ್ನು ಸುತ್ತುವಾಗ ಮಿಡಿತಗಳು ಕೆಲವು ತಿಂಗಳು ಬೇಗ, ಕೆಲವು ತಿಂಗಳು ತಡವಾಗಿ ಬರುತ್ತವೆ. ಸುಮಾರು ಒಂದು ವರ್ಷ ಸುತ್ತುಗಳ ಎಣಿಕೆ ತಪ್ಪದಂತೆ ಕೇಳಿಸಿಕೊಂಡರೆ ಜಾಗ ತಿಳಿಯುತ್ತದೆ. ಜಾಗದಲ್ಲಿ ಒಂದೇ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ತಪ್ಪಿದರೂ ಮಿಡಿತದ ಸಮಯ 2 ಮಿಲಿಸೆಕೆಂಡಿನಷ್ಟು ಆಚೀಚೆ ಆಗಬಹುದು.

ಆ ವರ್ಷದ ನಡುವೆಯೇ ಅಪ್ಪನಿಗೆ ಸ್ಟ್ರೋಕ್ ಆಯಿತು. ನಾನು ಆಸ್ಪತ್ರೆಯಲ್ಲಿ. ಪಲ್ಸಾರ್ ನೋಡುವ ನನ್ನ ಸರದಿಯ ರಾತ್ರಿಗಳಲ್ಲಿ ಲ್ಯಾಬಿನ ಗೆಳೆಯರು ಕೂತರು, ಎಷ್ಟು ರಾತ್ರಿ ಕೂತೆವು ಅಂತ ಒಬ್ಬರೂ ಲೆಕ್ಕ ಇಡಲಿಲ್ಲ. ಆದರೂ ಎರಡು ತಿಂಗಳು ಖಾಲಿ ಬಿತ್ತು. ಎಣಿಕೆ ಕಳೆದುಹೋಯಿತು ಅಂತಲೇ ಅಂದುಕೊಂಡಿದ್ದೆ.

ಆಗ ನಮ್ಮ ಸೀನಿಯರ್ ಅಕ್ಕ ಫೋನ್ ಮಾಡಿ, "ಮಿಡಿಯೋ ಹೊತ್ತಿನ ಚಿತ್ರ ಬೇರೆ, ಸುಮ್ಮನಿರೋ ಹೊತ್ತಿನ ಚಿತ್ರ ಬೇರೆ ಮಾಡು, ಒಂದರಿಂದ ಇನ್ನೊಂದನ್ನ ಕಳಿ" ಅಂದರು. ಉಳಿದ ರೇಡಿಯೊ ಮೂಲಗಳು ಮಿಡಿಯೋದಿಲ್ಲ, ಹಾಗಾಗಿ ಕಳೆದಾಗ ಅವು ಅಳಿಸಿಹೋಗುತ್ತವೆ. 25 ಕಿಲೋಮೀಟರ್ ಹರಡಿರುವ 30 ಡಿಶ್‌ಗಳು ಒಟ್ಟಿಗೆ ನೋಡಿದ ಆ ಚಿತ್ರದಲ್ಲಿ ಉಳಿದದ್ದು ಒಂದೇ ಚುಕ್ಕಿ. ಬೆಳಗಿನ ಜಾವ ಅದನ್ನು ನೋಡಿ ಅತ್ತುಬಿಟ್ಟೆ. ಜಾಗ ಖಚಿತವಾದ ಮೇಲೆ ಆ ಎರಡು ತಿಂಗಳ ಎಣಿಕೆಯೂ ಕೂಡಿಕೊಂಡಿತು.

ಅಕ್ಕ, ಆ ಫೋನ್ ಬರದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಗೈಡ್ ಸರ್, ಆ ತಿಂಗಳುಗಳಲ್ಲಿ ನೀವು ಕೆಲಸದ ಮಾತೇ ಎತ್ತದೆ ಅಪ್ಪನ ಬಗ್ಗೆ ಮಾತ್ರ ಕೇಳಿದ್ದನ್ನು ಮರೆಯೋದಿಲ್ಲ. ದಿನಾ ಆಸ್ಪತ್ರೆಗೆ ಗಂಜಿ ತಂದ ಎದುರುಮನೆ ಆಂಟಿಗೂ, ಅಪ್ಪನಿಗೆ ಹೆಜ್ಜೆ ಇಡಿಸಿದ ಫಿಸಿಯೋ ಮೇಡಂಗೂ ನಮಸ್ಕಾರ.

ಜಿ.ಎಂ.ಆರ್.ಟಿ. ಇರುವ ಖೋಡದ್‌ನ ಕಂಟ್ರೋಲ್ ರೂಮಿನವರನ್ನು ನೋಡಲು ಮುಂದಿನ ತಿಂಗಳು ಹೋಗುತ್ತಿದ್ದೇನೆ. ಅಮ್ಮ ಈಗಲೇ ಕೋಡುಬಳೆಗೆ ಹಿಟ್ಟು ಬೀಸಿಸಿಟ್ಟಿದ್ದಾರೆ.