ರೂಬೆನ್ ರೋಲ್ ಇನ್ನು ಮುಂದೆ ಅರ್ಧ ಕರಿದು ಬರುತ್ತದೆ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ನವೆಂಬರ್ 1ರಿಂದ ನಮ್ಮ ರೂಬೆನ್ ರೋಲ್, ಅಂದರೆ ರೂಬೆನ್ ಸ್ಯಾಂಡ್‌ವಿಚ್‌ನ ಹೂರಣವನ್ನು (ಕಾರ್ನ್ಡ್ ಬೀಫ್ ಎಂಬ ಉಪ್ಪು ಹಿಡಿದ ದನದ ಮಾಂಸ, ಹುಳಿ ಎಲೆಕೋಸು, ಸ್ವಿಸ್ ಚೀಸ್) ಹಿಟ್ಟಿನ ತೆಳು ಹಾಳೆಯಲ್ಲಿ ಸುತ್ತಿ ಕರಿದದ್ದು, ಬಿಸಿ ಟ್ರೇಯಲ್ಲಿ ಬರುವುದಿಲ್ಲ. ಅರ್ಧ ಕರಿದು, ಫ್ರೀಜ್ ಮಾಡಿ, 24ರ ಪ್ಯಾಕೆಟ್ಟಿನಲ್ಲಿ ಕೊಡುತ್ತೇವೆ. ಕೊನೆಯ ಕರಿಯುವಿಕೆ ನಿಮ್ಮ ಮನೆಯಲ್ಲೇ ಆಗಬೇಕು. ಬೀಫ್ ಪ್ಯಾಕೆಟ್ಟಿನ ಬೆಲೆ 42 ಡಾಲರ್‌ನಿಂದ 46 ಆಗುತ್ತದೆ. ಗುಜ್ಜೆಯದ್ದು (ಎಳೆ ಹಲಸಿನಕಾಯಿಯದ್ದು) ಮೊದಲಿನ ಹಾಗೇ 34. ರಾಜ್ಯೋತ್ಸವ, ದೀಪಾವಳಿ, ಥ್ಯಾಂಕ್ಸ್‌ಗಿವಿಂಗ್ ಎಲ್ಲ ಒಟ್ಟಿಗೆ ಬರುವ ಕಾಲದಲ್ಲಿ ನಿಮಗೆ ಇನ್ನೊಂದು ಕೆಲಸ ಹಚ್ಚುತ್ತಿದ್ದೇವೆ, ಅದಕ್ಕೆ ಕ್ಷಮೆ ಇರಲಿ. ರುಚಿಯಲ್ಲಿ ಮಾತ್ರ ಒಂದು ಚೂರೂ ರಾಜಿ ಇಲ್ಲ. ಅದೇ ಮಾಂಸ, ಅದೇ ಸೌರ್‌ಕ್ರೌಟ್, ಅದೇ ಕೈ.

ಬದಲಾವಣೆಗೆ ಕಾರಣ ನೀವೆಲ್ಲ ಮತ್ತೆ ಮತ್ತೆ ಹೇಳಿದ ಒಂದೇ ಮಾತು: "ತಂದಾಗ ಗರಿಗರಿ ಇತ್ತು, ನೆಂಟರು ಬರೋ ಹೊತ್ತಿಗೆ ಮೆತ್ತಗಾಯ್ತು." ಎಣ್ಣೆ ಹಳೆಯದಿರಬೇಕು ಅಂದವರಿದ್ದಾರೆ, ಹಾಳೆ ಅಗ್ಗದ್ದು ಅಂದವರೂ ಇದ್ದಾರೆ. ಎರಡೂ ಅಲ್ಲ. ಒಳಗಿರುವ ನೀರಿನ ಕೆಲಸ ಅದು.

ಸೌರ್‌ಕ್ರೌಟ್ ಅಂದರೆ ಉಪ್ಪಿನಲ್ಲಿ ಹುಳಿ ಬಂದ ಎಲೆಕೋಸು, ಬಹುಪಾಲು ನೀರೇ. ಒಂದು ಪೌಂಡನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿದರೆ ಕೈಗೆ ಉಳಿಯುವುದು ಸುಮಾರು ಅರ್ಧ ಪೌಂಡ್. ಅದನ್ನೂ ನಾವು ಒಣ ಬಾಣಲೆಯಲ್ಲಿ ಐದಾರು ನಿಮಿಷ ಬಾಡಿಸುತ್ತೇವೆ. ಆದರೂ ತೇವ ಪೂರ್ತಿ ಹೋಗುವುದಿಲ್ಲ, ಹೋದರೆ ಕೋಸು ನಾರಾಗುತ್ತದೆ. ಆ ತೇವ ಎಣ್ಣೆಯಲ್ಲಿ ಹಬೆಯಾಗಿ ಹೊರಬರುತ್ತದೆ, ರೋಲ್ ಸುತ್ತ ಕಾಣುವ ಗುಳ್ಳೆ ಅದೇ. ಎಣ್ಣೆಯಿಂದ ತೆಗೆದ ಮೇಲೂ ಹಬೆ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ತಂತಿ ಜಾಲರಿ ಮೇಲಿದ್ದರೆ ಅದು ಗಾಳಿಗೆ ಹೋಯಿತು. ಅಲ್ಯೂಮಿನಿಯಂ ಟ್ರೇಗೆ ಹಾಕಿ ಮುಚ್ಚಳ ಒತ್ತಿದರೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ರೋಲ್ ಮೇಲೇ ಬೀಳುತ್ತದೆ. ಮುಚ್ಚಳಕ್ಕೆ ತೂತು ಮಾಡಿ ಅಂತ ಸಲಹೆ ಕೊಟ್ಟಿರಿ. ತೂತು ಮಾಡಿದರೆ ಬೇಗ ಆರುತ್ತದೆ, ಸ್ವಿಸ್ ಚೀಸ್ ಗಟ್ಟಿಯಾಗಿ ರಬ್ಬರಿನಂತಾಗುತ್ತದೆ. ಬಿಸಿ ಊಟ 135 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಬಾರದು ಎಂಬ ನಿಯಮವೂ ಇದೆ. ನ್ಯೂಜೆರ್ಸಿಯ ಈ ಎಡಿಸನ್‌ನಿಂದ ಪ್ಲೇನ್ಸ್‌ಬರೋವರೆಗೆ ಶನಿವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಬಿಸಿಯನ್ನೂ ಗರಿಯನ್ನೂ ಒಟ್ಟಿಗೆ ಉಳಿಸುವ ಡಬ್ಬಿ ಯಾರ ಬಳಿಯೂ ಇಲ್ಲ.

ಹಾಗಾಗಿ ಎರಡು ಸಲ ಕರಿಯುವ ದಾರಿ ಹಿಡಿದಿದ್ದೇವೆ. ಮೊದಲ ಸಲ 325 ಡಿಗ್ರಿಯಲ್ಲಿ ಎರಡೇ ನಿಮಿಷ, ಹಾಳೆ ಬಿಗಿಯಾಗಬೇಕು, ಬಣ್ಣ ಬರಬಾರದು. ಆರಿಸಿ, ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜ್ ಮಾಡಿ, ಆಮೇಲೆ ಚೀಲಕ್ಕೆ. ಎರಡನೆಯದು ನಿಮ್ಮದು.

ಬಾಣಲೆಯಲ್ಲಿ ಎರಡು ಇಂಚು ಎಣ್ಣೆ, 360 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಹಾಳೆಯ ಚೂರೊಂದನ್ನು ಹಾಕಿ ನೋಡಿ: ತಕ್ಷಣ ಗುಳ್ಳೆಯೊಂದಿಗೆ ಮೇಲೆ ಬರಬೇಕು, ತಕ್ಷಣ ಕೆಂಪಾಗಬಾರದು. ಒಮ್ಮೆಗೆ ಐದಾರಕ್ಕಿಂತ ಹೆಚ್ಚು ಬೇಡ, ತಣ್ಣನೆಯ ರೋಲ್ ಜಾಸ್ತಿ ಬಿದ್ದರೆ ಎಣ್ಣೆಯ ಕಾವು ಇಳಿದು ಹಾಳೆ ಎಣ್ಣೆ ಕುಡಿಯುತ್ತದೆ. ಮೂರರಿಂದ ನಾಲ್ಕು ನಿಮಿಷ. ಗುಳ್ಳೆ ಕಡಿಮೆಯಾಗಿ ಸದ್ದು ಇಳಿದಾಗ ಆಯಿತು ಅಂತ ಲೆಕ್ಕ. ನಡುವಿನ ಬಿಸಿ 165 ಮುಟ್ಟಿರಬೇಕು. ತೆಗೆದದ್ದನ್ನು ಟಿಶ್ಯೂ ಕಾಗದದ ಮೇಲಿಡಬೇಡಿ, ತಳ ಬೆವರುತ್ತದೆ. ಜಾಲರಿ ಮೇಲಿಡಿ.

ಎಣ್ಣೆ ಬೇಡ ಅನ್ನುವವರಿಗೆ ಏರ್ ಫ್ರೈಯರ್‌ನಲ್ಲಿ 380 ಡಿಗ್ರಿ, 9ರಿಂದ 11 ನಿಮಿಷ. ಅವನ್ ಆದರೆ 400ರಲ್ಲಿ 15ರಿಂದ 18 ನಿಮಿಷ, ನಡುವೆ ಒಮ್ಮೆ ತಿರುಗಿಸಿ. ಮೈಕ್ರೋವೇವ್‌ಗೆ ಮಾತ್ರ ದಯವಿಟ್ಟು ಹಾಕಬೇಡಿ, ಆಮೇಲೆ ನಮಗೆ ಫೋನ್ ಬರುತ್ತದೆ. ಇನ್ನೊಂದು ಮುಖ್ಯ ಮಾತು: ಫ್ರೀಜರ್‌ನಿಂದ ನೇರವಾಗಿ ಎಣ್ಣೆಗೆ. ಮುಂಚೆಯೇ ಹೊರಗೆ ತೆಗೆದಿಟ್ಟರೆ ಹಾಳೆ ಬೆವರಿ, ಅಂಚು ಬಿಟ್ಟುಕೊಂಡು, ಎಣ್ಣೆ ಸಿಡಿಯುತ್ತದೆ.

ಇನ್ನು ಬೆಲೆ. "ಮಾರ್ಚ್‌ನಲ್ಲಿ ಸೂಪರ್‌ಮಾರ್ಕೆಟ್ಟಲ್ಲಿ ಕಾರ್ನ್ಡ್ ಬೀಫ್ ಅಷ್ಟು ಅಗ್ಗ, ನಿಮ್ಮದ್ಯಾಕೆ ಇಷ್ಟು?" ನ್ಯಾಯವಾಗಿ ನೋಡಿದರೆ ಈ ಹೋಲಿಕೆಯೇ ಸರಿಯಲ್ಲ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಗಿರಾಕಿಗಳನ್ನು ಒಳಗೆ ಎಳೆಯಲು ದೊಡ್ಡ ಅಂಗಡಿಗಳು ಅದನ್ನು ನಷ್ಟದಲ್ಲಿ ಮಾರುತ್ತವೆ. ಆಲೂಗಡ್ಡೆ, ಬಿಯರ್‌ನಲ್ಲಿ ಆ ದುಡ್ಡು ವಾಪಸ್ ಬರುತ್ತದೆ, ನಮಗೆ ಆ ಸೌಲಭ್ಯ ಇಲ್ಲ. ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಕೊಬ್ಬು ತುಂಬಿದ ಪಾಯಿಂಟ್ ಕಟ್. ನಾವು ಬಳಸುವುದು ಫ್ಲ್ಯಾಟ್, ಕೊಬ್ಬು ಕಡಿಮೆ ಇರುವ ಭಾಗ. ಪ್ಯಾಕೆಟ್ಟಿನ ಸಣ್ಣ ಅಕ್ಷರವನ್ನೂ ಓದಿ ನೋಡಿ, ಎಷ್ಟು ಶೇಕಡಾ ಉಪ್ಪುನೀರು ತುಂಬಿದ್ದಾರೆ ಅಂತ ಅಲ್ಲೇ ಇರುತ್ತದೆ. ಆ ನೀರಿಗೂ ನೀವು ಮಾಂಸದ ದುಡ್ಡೇ ಕೊಟ್ಟಿರುತ್ತೀರಿ. ಮಾರ್ಚ್‌ನಲ್ಲೇ ಕೊಂಡು ವರ್ಷಪೂರ್ತಿ ಇಟ್ಟುಕೊಳ್ಳಿ ಅಂದರೆ ಅದೂ ಆಗದು. ಉಪ್ಪು ಹಿಡಿದ ಮಾಂಸದ ಕೊಬ್ಬು ಫ್ರೀಜರ್‌ನಲ್ಲೂ ಬೇಗ ಕಮಟುತ್ತದೆ, ಒಂದು ತಿಂಗಳಿಗಿಂತ ಇಡುವುದು ಒಳ್ಳೆಯದಲ್ಲ. ನಿಮ್ಮ ಪ್ಯಾಕೆಟ್ಟಿಗೂ ಅದೇ ಗಡುವು.

ಲೆಕ್ಕ ಹೀಗಿದೆ. 10 ಪೌಂಡ್ ಹಸಿ ಬ್ರಿಸ್ಕೆಟ್ (ದನದ ಎದೆಯ ಭಾಗದ ಮಾಂಸ) ಬೆಂದರೆ ಸುಮಾರು 6, ಕೊಬ್ಬು ತೆಗೆದರೆ ಐದೂವರೆ. 24 ರೋಲ್‌ಗೆ ಬೇಕಾದದ್ದು ಬೆಂದ ಮಾಂಸ ಒಂದೂವರೆ ಪೌಂಡ್, ಹಿಂಡಿದ ಕೋಸು 8 ಔನ್ಸ್, ಸ್ವಿಸ್ 8 ಔನ್ಸ್. ಅಂದರೆ ಹಸಿ ಮಾಂಸ ಪೌಂಡಿಗೆ ಒಂದು ಡಾಲರ್ ಏರಿದರೆ ಒಂದು ಪ್ಯಾಕೆಟ್ಟಿಗೆ ಎರಡೂ ಮುಕ್ಕಾಲು ಡಾಲರ್ ಏರಿತು. ಏರುತ್ತಲೇ ಇದೆ. 2024ರ ಜನವರಿಯ ಎಣಿಕೆಯಲ್ಲಿ ಅಮೆರಿಕದ ದನಗಳು 8.72 ಕೋಟಿ, 1951ರಿಂದೀಚೆಗೆ ಅಷ್ಟು ಕಡಿಮೆ ಇದ್ದಿರಲಿಲ್ಲ. ಬರದಲ್ಲಿ ಮೇವಿಲ್ಲದೆ ಸಾಕುವವರು ಹೆಣ್ಣುಕರು ಸಮೇತ ಮಾರಿಕೊಂಡರು. ಮಂದೆ ಮತ್ತೆ ತುಂಬಲು ವರ್ಷಗಳೇ ಬೇಕು. ಇದಕ್ಕೆ ನಮ್ಮನ್ನು ಬೈದರೆ ನಾವೇನು ಮಾಡೋಣ?

ಮಾಂಸ ಕಡಿಮೆ ಮಾಡಿ ಕೋಸು ತುಂಬಿಸಿ ಹಳೇ ಬೆಲೆಯನ್ನೇ ಉಳಿಸಬಹುದಿತ್ತು. ಸ್ಲೈಸ್ ಮಾಡಿದ ಡಬ್ಬಿ ಮಾಂಸವನ್ನೂ ಹಾಕಬಹುದಿತ್ತು. ಮಾಡಿಲ್ಲ, ಮಾಡುವುದೂ ಇಲ್ಲ. ಈಗಲೂ ಮೂರು ಗಂಟೆಗೂ ಮೇಲೆ ಕುದಿ ಬರದ ಹಾಗೆ ಸಣ್ಣ ಉರಿಯಲ್ಲಿ ಬೇಯಿಸಿ, ಅದೇ ನೀರಿನಲ್ಲಿ ಆರಿಸಿ, ಎಳೆಗೆ ಅಡ್ಡಲಾಗಿ ಕಾಲಿಂಚಿಗೆ ಹೆಚ್ಚುತ್ತೇವೆ. ಎಳೆಯ ಉದ್ದಕ್ಕೆ ಹೆಚ್ಚಿದರೆ ಮೊದಲ ಕಡಿತಕ್ಕೇ ಹೂರಣ ಪೂರ್ತಿ ಹಲ್ಲಿನ ಜೊತೆ ಹೊರಬಂದು ಕೈಯಲ್ಲಿ ಖಾಲಿ ಹಾಳೆ ಉಳಿಯುತ್ತದೆ. ಚೀಸ್ ನಟ್ಟನಡುವೆ, ಸುತ್ತ ಮಾಂಸ. ಚೀಸ್ ಹಾಳೆಗೆ ತಾಗಿದರೆ ಕರಗಿ ಸೋರುತ್ತದೆ. ಡ್ರೆಸಿಂಗ್ (ಮಯೋನೇಸ್ ಬೆರೆಸಿದ ಸಾಸ್) ಯಾಕೆ ಒಳಗೆ ಹಾಕುವುದಿಲ್ಲ ಅಂತ ಕೇಳುತ್ತೀರಿ. ಮಯೋನೇಸ್ ಬಿಸಿಗೆ ಒಡೆದು ರೋಲನ್ನೂ ಒಡೆಯುತ್ತದೆ, ಅದಕ್ಕೇ ಬೇರೆ ಬಟ್ಟಲು. ಬಾಯಿಗೆ ಸಿಗುವ ಕಾಳು ಜೀರಿಗೆಯಲ್ಲ, ಕ್ಯಾರವೇ. ಬ್ರೆಡ್ ಇಲ್ಲದ ಕಡೆ ರೈ ಬ್ರೆಡ್ಡಿನ ಘಮ ತರುವುದು ಅದೊಂದೇ.

ಸಸ್ಯಾಹಾರಿಗಳು ನಿಶ್ಚಿಂತೆಯಿಂದಿರಿ. ಗುಜ್ಜೆಯನ್ನು ಕೊತ್ತಂಬರಿ ಬೀಜ, ಸಾಸಿವೆ, ಲವಂಗ, ಬಿರಿಯಾನಿ ಎಲೆ ಹಾಕಿ ಬೇಯಿಸುತ್ತೇವೆ, ಬಣ್ಣ ಬೀಟ್‌ರೂಟಿನದು. ಹಾಳೆಯಲ್ಲಿ ಮೊಟ್ಟೆ ಇಲ್ಲ. ಚೀಸ್ ಪ್ರಾಣಿಮೂಲದ ರೆನೆಟ್ (ಹಾಲನ್ನು ಹೆಪ್ಪುಗಟ್ಟಿಸುವ ಪದಾರ್ಥ) ಇಲ್ಲದ್ದು. ಡ್ರೆಸಿಂಗ್‌ನ ಮಯೋನೇಸ್ ಮೊಟ್ಟೆಯಿಲ್ಲದ್ದು, ಅದಕ್ಕೆ ವೂಸ್ಟರ್‌ಶೈರ್ ಸಾಸ್ ಹಾಕುವುದಿಲ್ಲ, ಅದರಲ್ಲಿ ಮೀನಿರುತ್ತದೆ. ಫ್ರೈಯರ್ ಬೇರೆ, ಫ್ರೀಜರ್ ಬೇರೆ, ಪ್ಯಾಕೆಟ್ ಮೇಲೆ ಹಸಿರು ಪಟ್ಟಿ. ಆಫೀಸಿನ ಪಾರ್ಟಿಗೆ ಒಯ್ಯುವವರು ಇನ್ನೊಂದು ಗಮನಿಸಿ: ಯಹೂದಿ ಡೆಲಿ ಅಂಗಡಿಗಳ ಹೆಸರಿದೆ ಅಂತ ರೂಬೆನ್ ಕೋಷರ್ (ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು) ಆಗುವುದಿಲ್ಲ, ಮಾಂಸ ಮತ್ತು ಚೀಸ್ ಕೂಡಿದೆ. ಯಹೂದಿ ಸಹೋದ್ಯೋಗಿಗಳಿಗೆ ಮೊದಲೇ ಹೇಳಿಬಿಡಿ.

ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟುಕೊಂಡವರಿಗೆ ಅಲ್ಲಿ ಎಣ್ಣೆ ಇಡಲು ಬಿಡುವುದಿಲ್ಲ ಎಂಬುದು ಗೊತ್ತು. ಅಂಥ ಆರ್ಡರ್ 4 ಪ್ಯಾಕೆಟ್ ಅಥವಾ ಹೆಚ್ಚಿದ್ದರೆ ನಾವೇ ಜಾಲರಿ ಮತ್ತು ಎಲೆಕ್ಟ್ರಿಕ್ ಅವನ್ ತಂದು ಅಲ್ಲೇ ಬಿಸಿ ಮಾಡಿ ಕೊಡುತ್ತೇವೆ, ಬೇರೆ ಶುಲ್ಕ ಇಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಮನೆಯಲ್ಲಿ ಕರಿದು, 200 ಡಿಗ್ರಿ ಅವನ್‌ನಲ್ಲಿ ಜಾಲರಿ ಮೇಲೆ ಅರ್ಧ ಗಂಟೆ ಇಡಬಹುದು. ಬಡಿಸಿದ ಮೇಲೆ ಎರಡು ಗಂಟೆ ದಾಟಿದ್ದನ್ನು ಎಸೆಯಿರಿ. ವಾರಾಂತ್ಯದ ಆರ್ಡರ್ ಬುಧವಾರ ರಾತ್ರಿಯೊಳಗೆ ಹೇಳಿ. ಶುಕ್ರವಾರ ಬಂದು ತೆಗೆದುಕೊಂಡು ಹೋಗುವಾಗ ಐಸ್ ಚೀಲ ತರುವುದು ಮರೆಯಬೇಡಿ.

ಇಂತಿ ನಿಮ್ಮ,
ಅಡುಗೆಮನೆಯ ಬಳಗ, ಎಡಿಸನ್