ಹೊಂಡಕ್ಕೆ ಮೀನುಮರಿ ಬಿಡುವವರು ಓದಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದೆ, ಗುಂಪಿನಲ್ಲಿ ಕಾಟ್ಲಾ, ರೋಹು ಮರಿ ತರುವವರು ಜಾಸ್ತಿ. ಅದಕ್ಕೇ ಈ ಮಾತು.

ಹೋದ ವರ್ಷ ನಮ್ಮ ಹೊಂಡದ ಏರಿ ಮೇಲೆ ಯಾರೋ ಸೈಪರ್‌ಮೆಥ್ರಿನ್ ಎಂಬ ಕೀಟನಾಶಕ ಹೊಡೆದ ಕ್ಯಾನ್ ತೊಳೆದರು. ಸಂಜೆ ಹೊತ್ತಿಗೆ ಮರಿಗಳೆಲ್ಲ ಮೇಲೆ ಬಂದು ಗಿರಗಿರ ಸುತ್ತಿ ಅಂಗಾತ ಬಿದ್ದವು. ಹಳೇ ಮೀನು ಮಾತ್ರ ಆರಾಮಾಗಿದ್ದವು. ‘ದೊಡ್ಡವಕ್ಕೆ ಏನೂ ಆಗಿಲ್ಲ, ಇದು ಔಷಧಿಯಿಂದ ಆಗಿದ್ದಲ್ಲ ಬಿಡಿ’ ಅಂದರು ನೋಡಿದವರು. ಎಲ್ಲರೂ ಎಡವುವುದು ಇಲ್ಲೇ.

ಮರಿಯ ತೂಕಕ್ಕೆ ಹೋಲಿಸಿದರೆ ಕಿವಿರು, ಚರ್ಮದ ಹರವು ದೊಡ್ಡದು. ವಿಷ ಬೇಗ ಒಳಗೆ ಇಳಿಯುತ್ತದೆ. ಅದನ್ನು ಮುರಿದು ಹೊರಹಾಕಬೇಕಾದ ಲಿವರ್ ಇನ್ನೂ ಬಲಿತಿರುವುದಿಲ್ಲ. ಮೊಟ್ಟೆಯೊಳಗಿದ್ದಾಗ ಸಿಪ್ಪೆಯ ಆಸರೆ ಸ್ವಲ್ಪವಾದರೂ ಇರುತ್ತದೆ. ಒಡೆದು ಬಂದ ಮೊದಲ ದಿನಗಳೇ ತೀರಾ ನಾಜೂಕು. ಸೈಪರ್‌ಮೆಥ್ರಿನ್ ಅಂತೂ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನು ಕೊಲ್ಲುತ್ತದೆ.

ಮೀನುಮರಿಗೆ ಊಟವಾಗುವ ನೀರುಚಿಗಟಗಳೂ (ಡ್ಯಾಫ್ನಿಯಾ ಎನ್ನುವ ಪುಟ್ಟ ನೀರಿನ ಜೀವಿಗಳು) ಅಷ್ಟೇ. ಲ್ಯಾಬಿನಲ್ಲಿ ವಿಷ ಪರೀಕ್ಷೆಗೆ 24 ಗಂಟೆ ತುಂಬದ ಡ್ಯಾಫ್ನಿಯಾ ಮರಿಗಳನ್ನೇ ತೆಗೆದುಕೊಳ್ಳುತ್ತಾರೆ, ಸುಮ್ನೆ ಅಲ್ಲ. ಅವು ಸತ್ತರೆ ಉಳಿದ ಮೀನುಮರಿಗೆ ಊಟವೂ ಇಲ್ಲ.

ಆದ್ದರಿಂದ ಕ್ಯಾನ್ ತೊಳೆದ ನೀರನ್ನು ಔಷಧಿ ಹೊಡೆದ ಬೆಳೆಗೇ ಹೊಡೆಯಿರಿ, ಹೊಂಡದ ಹತ್ತಿರ ಬೇಡ. ಪಕ್ಕದ ಹೊಲದವರಿಗೂ ಒಂದು ಮಾತು ಹೇಳಿಡಿ. ಅನುಮಾನ ಇದ್ದರೆ ಹತ್ತಿಪ್ಪತ್ತು ಮರಿಗಳನ್ನು ಬಲೆಚೀಲದಲ್ಲಿ ಹಾಕಿ ಒಂದು ದಿನ ಹೊಂಡದಲ್ಲಿ ಇಳಿಬಿಡಿ. ಬದುಕಿದರೆ ಮಿಕ್ಕವನ್ನು ಬಿಡಿ. ಮರಿ ಸತ್ತರೆ ಇಲ್ಲಿ ಫೋಟೋ ಹಾಕಿ, ಔಷಧಿ ಡಬ್ಬಿಯ ಲೇಬಲ್‌ದೂ ಇರಲಿ.