ಅಪ್ಪಯ್ಯ ಜಾತ್ರೆಗೆ ಹೋದ ವರ್ಷ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಕೊರೊನಾ ಬಂದ ಹೊಸತರಲ್ಲಿ ನೂರಕ್ಕೆ ಮೂರೂವರೆ ಜನ ಸಾಯುತ್ತಾರೆ ಎಂದರು, ಆಮೇಲೆ ಒಂದಕ್ಕಿಂತಲೂ ಕಡಿಮೆ ಎಂದರು. ಸುಮ್ಮನೆ ಹೆದರಿಸಿದರಲ್ಲವೇ?" ಎಂದೆ. ನಾನು ಬಸ್ಸಿನಲ್ಲಿದ್ದೆ, ಸರಿಯಾಗಿ ಉತ್ತರಿಸಲಾಗಲಿಲ್ಲ. ಮನೆಗೆ ಬಂದು 2020ರ ಡೈರಿ ಹುಡುಕಿ ತೆಗೆದೆ. ಇಷ್ಟು ವರ್ಷ ನಿನಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯೂ ಅದರಲ್ಲೇ ಇದೆ.

ಮಾರ್ಚ್ 4ರ ಪುಟ. ಎಡಕ್ಕೆ ಸೋಂಕಿತರು, ನಡುವೆ ಸತ್ತವರು, ಬಲಕ್ಕೆ ಭಾಗಾಕಾರ. ಜಗತ್ತಿನಲ್ಲೆಲ್ಲ ಸೇರಿ ಸೋಂಕಿತರು ಸುಮಾರು 90 ಸಾವಿರ, ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಹಿಂದಿನ ದಿನವಷ್ಟೇ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರು, ವರದಿಯಾದ ಪ್ರಕರಣಗಳಲ್ಲಿ ಶೇ 3.4ರಷ್ಟು ಮಂದಿ ಸತ್ತಿದ್ದಾರೆ ಎಂದಿದ್ದರು. "ವರದಿಯಾದ" ಎಂಬ ಆ ಒಂದು ಪದ ಬಾಯಿಂದ ಬಾಯಿಗೆ ದಾಟುವಷ್ಟರಲ್ಲಿ ಉದುರಿಹೋಯಿತು. ಅದರ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: "ನಿಜವಾದ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ." ಎರಡು ಬಾರಿ ಅಡಿಗೆರೆ ಎಳೆದಿದ್ದೇನೆ.

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಆಗಷ್ಟೇ ಶುರುವಾಗಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಅದೇ ಸಂಜೆ ನೀನು ಫೋನ್ ಮಾಡಿ, "ಅಪ್ಪಯ್ಯ ಹೋಗುತ್ತೇನೆ ಎಂದು ಕುಳಿತಿದ್ದಾರೆ, ಕಳುಹಿಸಲೇ? ನೀನು ಲೆಕ್ಕದ ಮೇಷ್ಟ್ರು, ನಿನಗೆ ಗೊತ್ತಿರುತ್ತದೆ" ಎಂದೆ. ನಾನು ಆ ಕೆಂಪು ಸಾಲನ್ನೇ ಓದಿ ಹೇಳಿದೆ.

ಆ ಸಾಲಿಗೆ ಆಧಾರ ಇಲ್ಲದೆ ಇರಲಿಲ್ಲ. ಕೆಮ್ಮು, ನೆಗಡಿಯಷ್ಟೇ ಬಂದು ಗುಣವಾದವರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ನಮ್ಮಲ್ಲೂ ಆಗ ಪರೀಕ್ಷೆ ಎಂದರೆ ಮುಖ್ಯವಾಗಿ ವಿದೇಶದಿಂದ ಬಂದವರಿಗೆ ಮತ್ತು ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ. ಜಪಾನಿನ ಯೊಕೊಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ಹಡಗು ನೆನಪಿದೆಯೇ? ಅದರಲ್ಲಿದ್ದ 3,711 ಜನರಲ್ಲಿ ಏಳುನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ಅಲ್ಲಿ ಲಕ್ಷಣ ಇಲ್ಲದವರನ್ನೂ ಪರೀಕ್ಷಿಸಿದ್ದರಿಂದ, ಸೋಂಕಿತರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆ ಹೊತ್ತಿಗೆ ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ ಎಂಬುದು ಹೊರಬಿತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಮೊದಲ ರಕ್ತಪರೀಕ್ಷೆ ಸಮೀಕ್ಷೆಯೂ ಅದನ್ನೇ ಹೇಳಿತು. 2020ರ ಮೇ ಮೊದಲ ದಿನಗಳಲ್ಲಿ ದೇಶದಲ್ಲಿ ಪತ್ತೆಯಾಗಿದ್ದವರು ಅರ್ಧ ಲಕ್ಷವೂ ಇರಲಿಲ್ಲ, ಸೋಂಕು ತಗುಲಿದ್ದ ವಯಸ್ಕರು ಸುಮಾರು 64 ಲಕ್ಷ ಎಂಬುದು ಅದರ ಅಂದಾಜು.

ಹಾಗಾದರೆ ನಾನು ಹೇಳಿದ್ದು ಸರಿಯೇ ಆಯಿತಲ್ಲ ಎನ್ನುತ್ತೀಯ. ಇಲ್ಲ. ನಾನು ಲೆಕ್ಕದ ಒಂದು ಮಗ್ಗುಲನ್ನು ಮಾತ್ರ ನೋಡಿದ್ದೆ.

ಇಂದು ಸೋಂಕು ಪತ್ತೆಯಾದವನು ಇಂದೇ ಸಾಯುವುದಿಲ್ಲ. ಎರಡು ಮೂರು ವಾರ ಆಸ್ಪತ್ರೆಯಲ್ಲಿ ಒದ್ದಾಡಿ ಸಾಯುತ್ತಾನೆ. ರೋಗ ದಿನದಿನಕ್ಕೆ ಹಬ್ಬುತ್ತಿರುವಾಗ ಇಂದಿನ ಸಾವನ್ನು ಇಂದಿನ ಸೋಂಕಿತರಿಂದ ಭಾಗಿಸಿದರೆ ಪ್ರಮಾಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. 2003ರ ಸಾರ್ಸ್ ರೋಗದಲ್ಲಿ ಹೀಗೇ ಆಗಿತ್ತು. ಮೊದಲು ಶೇ 4ರ ಆಸುಪಾಸು ಎಂದಿದ್ದರು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶೇ 14–15ಕ್ಕೆ ಏರಿಸಿತು. ಎಲ್ಲ ಮುಗಿದ ಮೇಲೆ ಎಣಿಸಿದರೆ 8,098 ರೋಗಿಗಳಲ್ಲಿ 774 ಸಾವು, ಅಂದರೆ ಶೇ 9.6. ಲೆಕ್ಕಕ್ಕೆ ಸಿಗದ ಸೋಂಕಿತರು ಪ್ರಮಾಣವನ್ನು ಮೇಲಕ್ಕೆ ಎಳೆಯುತ್ತಾರೆ, ಇನ್ನೂ ಬಾರದ ಸಾವುಗಳು ಕೆಳಕ್ಕೆ. ಯಾವುದರ ಎಳೆತ ಹೆಚ್ಚು ಎಂದು ಆ ಮಾರ್ಚಿನಲ್ಲಿ ಕುಳಿತು ಹೇಳಬಲ್ಲವರು ಯಾರೂ ಇರಲಿಲ್ಲ. ನಾನಂತೂ ಆಗಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ, ಗೆಳೆಯ. ನೀನು ಕೇಳಿದ್ದು ಅಪ್ಪಯ್ಯನ ವಿಷಯ, ನಾನು ಹೇಳಿದ್ದು ಎಲ್ಲರ ಸರಾಸರಿ. ಫೆಬ್ರುವರಿಯಲ್ಲೇ ಚೀನಾದವರು ವಯಸ್ಸಿನ ಪ್ರಕಾರ ಸಾವಿನ ಪ್ರಮಾಣದ ಕೋಷ್ಟಕ ಪ್ರಕಟಿಸಿದ್ದರು. ಒಟ್ಟಾರೆ ಶೇ 2.3, ಎಪ್ಪತ್ತರಿಂದ ಎಪ್ಪತ್ತೊಂಬತ್ತು ವಯಸ್ಸಿನವರಲ್ಲಿ ಶೇ 8, ಎಂಬತ್ತು ದಾಟಿದವರಲ್ಲಿ ಶೇ 14.8. ಅವೂ ಅರೆಬರೆ ಅಂಕಿಗಳೇ. ಆದರೆ ಮುದುಕರಿಗೆ ಅಪಾಯ ಹಲವು ಪಟ್ಟು ಎಂಬುದು ಯಾರಿಗಾದರೂ ಕಾಣುವಂತಿತ್ತು. ಆ ಕೋಷ್ಟಕ ನನ್ನ ಡೈರಿಯಲ್ಲೇ ಇದೆ, ಮೂರು ಪುಟ ಹಿಂದೆ, ನನ್ನದೇ ಅಕ್ಷರದಲ್ಲಿ. ಅಪ್ಪಯ್ಯನಿಗೆ ಆಗ 74. ನೀನು ಲೈನಿನಲ್ಲಿದ್ದಾಗ ಪುಟ ತಿರುಗಿಸಲಿಲ್ಲ. ಇದನ್ನೇ ನಿನಗೆ ಹೇಳಿರಲಿಲ್ಲ.

ನೀನೇ ಅಂದು ಇನ್ನೊಂದು ಮಾತು ಹೇಳಿದ್ದೆ: "ಮಂಗನ ಕಾಯಿಲೆಯಲ್ಲೂ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ, ನಾವು ತೋಟಕ್ಕೆ ಹೋಗುವುದನ್ನು ಬಿಟ್ಟೆವೇ?" ಹಿಂದಿನ ವರ್ಷವಷ್ಟೇ ಸಾಗರದ ಕಡೆ ಅರಳಗೋಡಿನಲ್ಲಿ ಆ ಕಾಯಿಲೆ ಜೀವಗಳನ್ನು ತೆಗೆದಿತ್ತು, ಹಾಗಾಗಿ ನಿನ್ನ ಹೋಲಿಕೆ ಸಹಜವೇ. ಆದರೆ ಮಂಗನ ಕಾಯಿಲೆ ಉಣುಗು ಕಚ್ಚಿ ಬರುವುದು, ಮನುಷ್ಯನಿಂದ ಮನುಷ್ಯನಿಗೆ ದಾಟುವುದಿಲ್ಲ. ಇನ್ನೂರಕ್ಕೆ ಒಬ್ಬರು ಮಾತ್ರ ಸಾಯುವ ರೋಗವೂ ಇಡೀ ಊರಿಗೆ ಹಬ್ಬಿದರೆ ಸ್ಮಶಾನದಲ್ಲಿ ಜಾಗ ಸಾಲದು. 2021ರ ಮೇ ತಿಂಗಳಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಜನ ಅಲೆದದ್ದನ್ನು ನಾವಿಬ್ಬರೂ ನೋಡಿದ್ದೇವೆ. ಬದುಕಬಹುದಾಗಿದ್ದವರೂ ಆಗ ಹೋದರು.

ಅಪ್ಪಯ್ಯ ಜಾತ್ರೆಯಿಂದ ಕ್ಷೇಮವಾಗಿ ಬಂದರು. ಮಕ್ಕಳಿಗೆ ಬತ್ತಾಸು, ಆಯಿಗೆ ಗಾಜಿನ ಬಳೆ ತಂದಿದ್ದರು. ಜಾತ್ರೆ ಮುಗಿಯುವ ಹೊತ್ತಿಗೆ, ಮಾರ್ಚ್ 10ರಂದು ಕಲಬುರಗಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಸೋಂಕು ಖಚಿತವಾದದ್ದು ಅವರು ಹೋದ ಮೇಲೆ. ದೇಶದಲ್ಲಿ ಖಚಿತವಾದ ಮೊದಲ ಕೊರೊನಾ ಸಾವು ಅದು. ಅವರ ವಯಸ್ಸು 76 ಎಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಊಟ ಸೇರಲಿಲ್ಲ. ಅಪ್ಪಯ್ಯನಿಗೆ ಏನೂ ಆಗಲಿಲ್ಲ ಎಂಬುದರಿಂದ ನನ್ನ ಉತ್ತರ ಸರಿಯಾಗುವುದಿಲ್ಲ. ಆ ಸಂಜೆ ನಾನು ಹೇಳಬೇಕಿದ್ದುದು ಇಷ್ಟೇ: "ಎಷ್ಟು ಎಂದು ಗೊತ್ತಿಲ್ಲ, ಆದರೆ ವಯಸ್ಸಾದವರಿಗೆ ಹೆಚ್ಚು. ಈ ಸಲ ಬೇಡ ಎನ್ನು."

ಆದ್ದರಿಂದ ಯಾರೋ ಬೇಕೆಂದೇ ಹೆದರಿಸಿದರು ಎಂಬ ನಿನ್ನ ಮಾತನ್ನು ನಾನು ಒಪ್ಪಲಾರೆ. ಶೇ 3.4 ಅಂದಿಗೆ ಕೈಗೆ ಸಿಕ್ಕಿದ್ದರ ಲೆಕ್ಕ. ನಾನು ನಿನಗೆ ಹೇಳಿದ್ದರಲ್ಲಿ ಅಷ್ಟು ನಿಯತ್ತೂ ಇರಲಿಲ್ಲ.

ಡೈರಿಯ ಆ ಎರಡೂ ಪುಟಗಳ ಫೋಟೊ ಇದರೊಂದಿಗೆ ಕಳುಹಿಸುತ್ತಿದ್ದೇನೆ. ಈ ಪತ್ರವನ್ನು ಅಪ್ಪಯ್ಯನಿಗೂ ಓದಿ ಹೇಳು. ಜಾತ್ರೆಗೆ ಹೊರಟಿದ್ದವರು ಅವರು. ಆ ಕೋಷ್ಟಕವನ್ನು ಅವರಿಗೆ ಇವತ್ತಿನವರೆಗೂ ಯಾರೂ ತೋರಿಸಿಲ್ಲ.

ನಿನ್ನ ಗೆಳೆಯ